ಗಾಣಿಗನ ತಮ್ಮನ ಎಡಮಂಡಿ

"ಅಜ್ಜಾರೇ, ಸರಕಾರವೇ ಸರಿ ಎಂದು ಒಪ್ಪಿದ ಕೆಲಸವನ್ನು ನಾನು ಮಾಡಿದರೆ ಅದರಲ್ಲಿ ತಪ್ಪೇನಿದೆ?"

ಫೋನಿನಲ್ಲಿ ಆಟ ನೋಡುತ್ತ, ತೊಡೆ ತಟ್ಟಿ ನಕ್ಕು, ಹೀಗೆ ಕೇಳಿದವನು ಕಲ್ಮೇಶ. ಅಮೆರಿಕದ ಒಹಾಯೊ ರಾಜ್ಯದ ಒಂದು ಊರಿನಲ್ಲಿ ಔಷಧದ ಅಂಗಡಿ ನೋಡಿಕೊಳ್ಳುವವನು. ಅಜ್ಜಾರು ಎಂದರೆ ಅವನ ಮನೆತನದ ಮಠದ ಸ್ವಾಮಿಗಳು. ಭಕ್ತರು ಹಟ ಹಿಡಿದು ಕರೆದರೆಂದು ಒಂದು ತಿಂಗಳ ಮಟ್ಟಿಗೆ ಆ ದೇಶಕ್ಕೆ ಬಂದಿದ್ದರು. ಅಂದು ಭಾನುವಾರ ಮಧ್ಯಾಹ್ನ, ಕಲ್ಮೇಶನ ಹೆಂಡತಿ ನೀಲಾ ಮಾಡಿಕೊಟ್ಟ ಗಿರ್ಮಿಟ್ ತಿನ್ನುತ್ತ ಅವನ ಪಕ್ಕದಲ್ಲಿ ಕುಳಿತಿದ್ದರು.

"ಯಾವ ಕೆಲಸ ಅದು?" ಎಂದರು ಅಜ್ಜಾರು.

"ಆಟದ ಮೇಲೆ ಪಣ ಕಟ್ಟುವುದು. ಇಲ್ಲಿ ಅದಕ್ಕೆ ಕಾನೂನಿದೆ. ಕುಳಿತಲ್ಲೇ ಫೋನಿನಲ್ಲಿ ಕಟ್ಟಬಹುದು, ಸರಕಾರಕ್ಕೆ ತೆರಿಗೆಯೂ ಹೋಗುತ್ತದೆ. ನಾನೇನು ಸಾಲ ಮಾಡಿಲ್ಲ, ಮನೆಗೆ ಕಡಿಮೆ ಮಾಡಿಲ್ಲ. ಈಗ ನೋಡಿ, ಇಲ್ಲಿಯ ಫುಟ್‌ಬಾಲಿನಲ್ಲಿ ಚೆಂಡು ಹಿಡಿದು ಓಡುವ ಹುಡುಗನೊಬ್ಬ ಇವತ್ತು ಒಟ್ಟು ಅರವತ್ತು ಗಜ ಓಡುವುದಿಲ್ಲ ಎಂದು ಕಟ್ಟಿದ್ದೆ. ನಲವತ್ತಕ್ಕೇ ಕುಂಟುತ್ತ ಹೊರಗೆ ಹೋದ, ನಾನು ಗೆದ್ದೆ. ಇದರಲ್ಲಿ ಯಾರ ಮನೆ ಹಾಳಾಯಿತು? ಇವಳು ಮಾತ್ರ ಬೆಳಿಗ್ಗೆಯಿಂದ ಮುಖ ಊದಿಸಿಕೊಂಡಿದ್ದಾಳೆ. ನೀವೇ ನ್ಯಾಯ ಹೇಳಿ."

ಅಜ್ಜಾರು ತಟ್ಟೆ ಬರಿದು ಮಾಡಿ, ಕೈ ಒರೆಸಿಕೊಂಡರು.

"ಗಂಡ ಹೆಂಡಿರ ನ್ಯಾಯಕ್ಕೆ ನಾನು ಬರುವವನಲ್ಲ. ಅದರಲ್ಲೂ ಅವಳ ಗಿರ್ಮಿಟ್ ತಿಂದಾಗಿದೆ. ಒಂದು ಕತೆ ಹೇಳುತ್ತೇನೆ, ಬೇಕಾದರೆ ಕೇಳು. ಆ ಫೋನನ್ನು ಬೋರಲು ಇಡು ಮೊದಲು. ನೀನು ಚಿಕ್ಕವನಿದ್ದಾಗಲೂ ಹೀಗೇ, ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಕಣ್ಣು ಪ್ರಸಾದದ ಬುಟ್ಟಿಯ ಮೇಲೆ."

ಕಲ್ಮೇಶ ನಗುತ್ತ ಫೋನನ್ನು ಬೋರಲು ಇಟ್ಟ. ಅಜ್ಜಾರು ಶುರು ಮಾಡಿದರು.

ಒಂದು ಊರು. ಆ ಊರಿನಲ್ಲಿ ಒಬ್ಬ ಗಾಣಿಗ. ಅವನಿಗೆ ಒಬ್ಬ ತಮ್ಮ. ಅಪ್ಪ ಅವ್ವ ಇಬ್ಬರೂ ಬೇಗ ಹೋದರು. ತಮ್ಮನಿಗೆ ಉಣ್ಣಿಸಿದವನು, ಜ್ವರ ಬಂದಾಗ ಹೊತ್ತು ತಿರುಗಿದವನು, ತಂಟೆ ಮಾಡಿದಾಗ ಬೆನ್ನಿಗೆ ಎರಡು ಬಿಟ್ಟವನು, ಎಲ್ಲಾ ಅಣ್ಣನೇ. ಆ ಹುಡುಗನಿಗೆ ಒಂದು ಅಭ್ಯಾಸವಿತ್ತು. ಆಡುವಾಗ ಎಡವಿ ಬಿದ್ದರೆ ಅಳುವ ಮೊದಲು ತಿರುಗಿ ಅಣ್ಣನ ಮುಖ ನೋಡುತ್ತಿದ್ದ. ಅಣ್ಣ ಗಾಬರಿಯಾಗಿದ್ದರೆ ಊರಿಗೆಲ್ಲ ಕೇಳುವ ಹಾಗೆ ಅಳು. ಅಣ್ಣ ನಕ್ಕರೆ ಚಡ್ಡಿ ಕೊಡವಿಕೊಂಡು ಎದ್ದು ಓಟ. ನೀನು ಮಕ್ಕಳನ್ನು ಸಾಕಿದವನು, ನಿನಗೆ ಗೊತ್ತಿರಬೇಕು.

ಹುಡುಗ ಬೆಳೆದು ಪೈಲವಾನನಾದ. ಎಂಥ ಪೈಲವಾನ ಅಂತೀಯ! ಅವನ ಕುಸ್ತಿ ಇದೆಯೆಂದರೆ ಸುತ್ತಲಿನ ಊರುಗಳ ಜನ ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಅಣ್ಣ ದಿನವೂ ಬೆಳಿಗ್ಗೆ ತನ್ನ ಗಾಣದ ಎಣ್ಣೆಯನ್ನು ಬೆಚ್ಚಗೆ ಮಾಡಿ ತಮ್ಮನ ಮೈಗೆ ತಿಕ್ಕುತ್ತಿದ್ದ. ಕುಸ್ತಿ ನಡೆಯುವಾಗ ಕಣದ ಅಂಚಿನಲ್ಲಿ, ಯಾವಾಗಲೂ ಅದೇ ಜಾಗದಲ್ಲಿ ಕೂರುತ್ತಿದ್ದ. ಹಳೆಯ ಅಭ್ಯಾಸ ಮಾತ್ರ ತಮ್ಮನನ್ನು ಬಿಟ್ಟಿರಲಿಲ್ಲ. ಆನೆಯಂಥ ಆಳಾದರೂ, ಕಣದಲ್ಲಿ ಬಿದ್ದರೆ ಮೊದಲು ಅಣ್ಣ ಕೂತ ಕಡೆ ಒಮ್ಮೆ ನೋಡುತ್ತಿದ್ದ. ಆಮೇಲೆ ಏಳುತ್ತಿದ್ದ.

ಆ ಊರಿನಲ್ಲಿ ಜನ ಕುಸ್ತಿಯ ಮೇಲೆ ಕದ್ದುಮುಚ್ಚಿ ಪಣ ಕಟ್ಟುತ್ತಿದ್ದರು. ರಾಜನಿಗೆ ಅದು ತಿಳಿಯಿತು. 'ಹೇಗೂ ಆಡುತ್ತಾರೆ, ಬಯಲಲ್ಲೇ ಆಡಲಿ, ಸುಂಕದಲ್ಲಿ ಕೆರೆಯ ಹೂಳಾದರೂ ತೆಗೆಸೋಣ' ಎಂದ. ಕಣದ ಪಕ್ಕದಲ್ಲಿ ಒಂದು ಪಣದ ಕಟ್ಟೆ ಎದ್ದಿತು. ರಾಜಮುದ್ರೆ ಒತ್ತಿದ ಹಲಗೆ ಹಾಕಿದರು. ಒಬ್ಬ ಗುಮಾಸ್ತ ಬಂದು ಕುಳಿತ. ಮಾತು ಬೆಲ್ಲದ ಪಾಕ. ಮೊದಲ ಸಲ ಬಂದವನಿಗೆ 'ಈ ಪಣ ನಮ್ಮ ಕಡೆಯಿಂದ ಇರಲಿ, ನೀವು ಬರಿ ಬಾಯಲ್ಲಿ ಹೇಳಿ' ಎನ್ನುತ್ತಿದ್ದ. ಕಟ್ಟಳೆಗಳೂ ಇದ್ದವು. ಪೈಲವಾನರು ಪಣ ಕಟ್ಟಬಾರದು. ಆಟ ಸಾಕೆನಿಸಿದವರು ತಾವೇ ಬಂದು ಒಂದು ಪುಸ್ತಕದಲ್ಲಿ ಹೆಸರು ಬರೆಸಬಹುದು, ಆಮೇಲೆ ಅಂಥವರನ್ನು ಕಟ್ಟೆ ಹತ್ತಿಸುವಂತಿಲ್ಲ. ಅಣ್ಣಂದಿರ ಬಗ್ಗೆ ಯಾವ ಕಟ್ಟಳೆಯೂ ಇರಲಿಲ್ಲ.

ಗೆಲುವು ಸೋಲಿನ ಮೇಲಷ್ಟೇ ಅಲ್ಲ, ಆ ಕಟ್ಟೆಯಲ್ಲಿ ಎಲ್ಲದರ ಮೇಲೂ ಪಣ. ಯಾರು ಮೊದಲು ಕೈ ಹಾಕುತ್ತಾರೆ, ಯಾರ ಕಾಸೆ ಸಡಿಲಾಗುತ್ತದೆ, ಯಾರ ಮಂಡಿ ಮೊದಲು ಮಣ್ಣು ಮುಟ್ಟುತ್ತದೆ. ಇಷ್ಟೆಲ್ಲ ಯೋಚನೆ ಮಾಡಲು ಅವರಿಗೆ ಬೇರೆ ಕೆಲಸವಿರಲಿಲ್ಲವೇ ಎಂದು ನನ್ನನ್ನು ಕೇಳಬೇಡ. ಅದೇ ಅವರ ಕೆಲಸ.

ಒಂದು ದೊಡ್ಡ ಕುಸ್ತಿ ನಿಶ್ಚಯವಾಯಿತು. ಹಿಂದಿನ ದಿನ ಬೆಳಿಗ್ಗೆ ಎಣ್ಣೆ ತಿಕ್ಕಿಸಿಕೊಳ್ಳುವಾಗ ತಮ್ಮ ಮೆಲ್ಲಗೆ ಹೇಳಿದ.

"ಅಣ್ಣಾ, ಎಡಮಂಡಿ ಯಾಕೋ ಹಿಡಿದುಕೊಳ್ಳುತ್ತಿದೆ. ಭಾರ ಬಿದ್ದರೆ ತಡೆಯುತ್ತದೋ ಇಲ್ಲವೋ. ಯಾರಿಗೂ ಹೇಳಬೇಡ ಮತ್ತೆ."

"ನಾನ್ಯಾಕೆ ಹೇಳಲಿ?" ಎಂದ ಅಣ್ಣ.

ಹೇಳಲಿಲ್ಲ, ಮಾತಿಗೆ ತಪ್ಪಿದವನಲ್ಲ. ಆದರೆ ಮಧ್ಯಾಹ್ನ ಕಟ್ಟೆಯ ಮುಂದೆ ಹಾದುಹೋಗುವಾಗ ಅವನ ಕಾಲು ನಿಂತಿತು. ಅವನಿಗೆ ಬಹಳ ದಿನದಿಂದ ಒಂದೇ ಆಸೆ. ತಮ್ಮ ದಿನವೂ ಹಾಲಿಗಾಗಿ ಗೌಳಿಗರ ಮನೆ ಬಾಗಿಲಲ್ಲಿ ನಿಲ್ಲುತ್ತಾನೆ, ಅವನಿಗೆಂದೇ ಒಂದು ಕರೆಯುವ ಎಮ್ಮೆ ತರಬೇಕು. ತಮ್ಮನ ಮಂಡಿ ಮೊದಲು ಮಣ್ಣು ಮುಟ್ಟುತ್ತದೆ ಎಂದು ಕಟ್ಟಿದವರು ಊರಲ್ಲಿ ಒಬ್ಬರೂ ಇರಲಿಲ್ಲ. ಕಟ್ಟಿದವನಿಗೆ ಎಮ್ಮೆಯೇನು, ಕರುವೂ ಬರುತ್ತಿತ್ತು.

ಅವನು ಕಟ್ಟಿದ. 'ತಮ್ಮ ಸೋಲಲಿ ಎಂದು ನಾನು ಕಟ್ಟುತ್ತಿಲ್ಲವಲ್ಲ' ಎಂದುಕೊಂಡ. 'ಮಂಡಿ ಒಮ್ಮೆ ಊರಲಿ, ಆಮೇಲೆ ಎದ್ದು ಅವನೇ ಗೆಲ್ಲಲಿ.' ನೋಡು ಕಲ್ಮೇಶ, ಅವನು ಕೆಟ್ಟವನಲ್ಲ. ಅಂಥ ಅಣ್ಣನನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಮರುದಿನ ಬೆಳಿಗ್ಗೆ ಎಣ್ಣೆ ಕಾಯಿಸಿದ. ತೋಳು, ಬೆನ್ನು, ತೊಡೆ ತಿಕ್ಕಿದ. ಎಡಮಂಡಿಗೆ ಬಂದಾಗ ಕೈ ನಿಂತಿತು. ಇಪ್ಪತ್ತು ವರ್ಷ ಅದೇ ಮೈಗೆ ಎಣ್ಣೆ ಹಚ್ಚಿದ ಕೈ. ಇವತ್ತು ಆ ಮಂಡಿ ವಾಸಿಯಾಗಲಿ ಎಂದು ತಿಕ್ಕಬೇಕೋ, ಹೀಗೇ ಇರಲಿ ಎಂದು ಬಿಡಬೇಕೋ, ಕೈಗೆ ತಿಳಿಯಲಿಲ್ಲ. 'ಇವತ್ತು ಆಡಬೇಡ, ನಾನು ಹೋಗಿ ಹೇಳಿಬರುತ್ತೇನೆ' ಎಂಬ ಮಾತು ಗಂಟಲವರೆಗೆ ಬಂತು. ಆಡದಿದ್ದರೆ ಪಣವೂ ಇಲ್ಲ. ಮಾತು ಅಲ್ಲಿಂದಲೇ ತಿರುಗಿ ಹೋಯಿತು.

"ಏನಣ್ಣಾ, ಕೈ ನೋಯುತ್ತಿದೆಯೇ?" ಎಂದ ತಮ್ಮ. "ಬಿಡು, ಸಾಕು."

ಅಯ್ಯೋ, ಪಾಪ ಆ ಹುಡುಗ!

ಕುಸ್ತಿ ಹತ್ತಿತು. ಅಣ್ಣ ತನ್ನ ಜಾಗದಲ್ಲಿ ಕೂತಿದ್ದ. ಯಾವಾಗಲೂ ತಮ್ಮನ ಕಣ್ಣು ನೋಡುತ್ತಿದ್ದವನು ಅಂದು ಅವನ ಮಂಡಿ ನೋಡುತ್ತ ಕೂತ. ಎದುರಾಳಿ ಗಟ್ಟಿ ಆಳು. ಒಮ್ಮೆ ತಳ್ಳಿದ, ಎರಡು ಸಲ ತಳ್ಳಿದ. ಮೂರನೆಯ ಸಲ ಇಡೀ ಭಾರ ಎಡಗಾಲಿನ ಮೇಲೆ ಬಿತ್ತು. ತಮ್ಮನ ಮಂಡಿ ಮಡಚಿ ಮಣ್ಣು ಮುಟ್ಟಿತು. ಕಣದ ಸುತ್ತ ಅಷ್ಟೂ ಜನ ಅಯ್ಯೋ ಎಂದರು.

ಅಣ್ಣ ಮಾತ್ರ ನಕ್ಕ. ಬೇಕೆಂದು ನಗಲಿಲ್ಲ, ನಗು ತಾನೇ ಬಂದುಬಿಟ್ಟಿತು. ನಿನಗೂ ಆಗಲೇ ಫೋನು ನೋಡಿ ಬಂತಲ್ಲ, ಹಾಗೆ. ಅದೇ ಗಳಿಗೆಯಲ್ಲಿ ತಮ್ಮ ತಲೆಯೆತ್ತಿ ಅಣ್ಣ ಕೂತ ಕಡೆ ನೋಡಿದ.

ನೋಡಿದವನು ಹಲ್ಲು ಕಚ್ಚಿ ಎದ್ದ. ಎಲ್ಲಿತ್ತೋ ಆ ಕಸುವು! ಎದುರಾಳಿಯನ್ನು ಸೊಂಟಕ್ಕೆ ಹಿಡಿದು ಎತ್ತಿ ಅವನ ಬೆನ್ನು ಮಣ್ಣಿಗೆ ಹಚ್ಚಿದ. ಜನ ಹುಚ್ಚೆದ್ದು ಕುಣಿದರು. ಅಣ್ಣ ಅಂದುಕೊಂಡ ಹಾಗೆಯೇ ಎಲ್ಲವೂ ನಡೆಯಿತು. ಮಂಡಿಯೂ ಊರಿತು, ತಮ್ಮನೂ ಗೆದ್ದ, ಪಣವೂ ಬಂತು.

ಮನೆಗೆ ಹೊರಟಾಗ ತಮ್ಮನ ಮಂಡಿ ತೆಂಗಿನಕಾಯಿಯಷ್ಟು ಊದಿತ್ತು. ಅಣ್ಣನ ಹೆಗಲಿಗೆ ಕೈ ಹಾಕಿ ಕುಂಟುತ್ತಿದ್ದ. ಅರ್ಧ ದಾರಿಯಲ್ಲಿ ಹೇಳಿದ.

"ಅಣ್ಣಾ, ಮಂಡಿ ಊರಿದಾಗ ನನ್ನ ಕತೆ ಮುಗಿಯಿತು ಎಂದುಕೊಂಡೆ. ಅಷ್ಟು ಜನರ ಮುಖವೂ ಬಾಡಿತ್ತು. ನೀನೊಬ್ಬ ನಕ್ಕೆ ನೋಡು, ಚಿಕ್ಕವನಿದ್ದಾಗ ನಗುತ್ತಿದ್ದೆಯಲ್ಲ, ಹಾಗೆ. ಏನೂ ಆಗಿಲ್ಲ ಏಳೋ ಎಂದ ಹಾಗಾಯಿತು. ಎದ್ದೆ."

ಅಣ್ಣ ತಮ್ಮನನ್ನು ಮನೆಯಲ್ಲಿ ಮಲಗಿಸಿ ಮಂಡಿಗೆ ಬಟ್ಟೆ ಸುತ್ತಿದ. ಅಲ್ಲಿಂದ ನೆಟ್ಟಗೆ ಕಟ್ಟೆಗೆ ಹೋದ. ಗುಮಾಸ್ತ ದುಡ್ಡಿನ ಚೀಲ ಮುಂದಿಟ್ಟ. ಇವನು ಅದನ್ನು ಮುಟ್ಟಲಿಲ್ಲ.

"ಆ ಪುಸ್ತಕದಲ್ಲಿ ನನ್ನ ಹೆಸರು ಬರೆ."

"ಅದು ಸೋತು ಸುಣ್ಣವಾದವರು ಬರೆಸುವ ಪುಸ್ತಕವಪ್ಪಾ. ನೀನು ಗೆದ್ದವನು!"

"ಬರೆ ಎಂದೆ."

ಮನೆಗೆ ಬಂದು ತಮ್ಮನ ಕಾಲ ಹತ್ತಿರ ಕೂತು ಎಲ್ಲವನ್ನೂ ಹೇಳಿದ. ಹೇಳದೆ ಇರಬಹುದಿತ್ತು. ಹೇಳಿದ, ಅದು ಅವನ ದೊಡ್ಡತನ. ಎಣ್ಣೆ ಹಚ್ಚುವಾಗ ಕೈ ನಿಂತದ್ದನ್ನೂ ಹೇಳಿದ. ಹೇಳುತ್ತ ಹೇಳುತ್ತ ಗಂಡಸು ಬಿಕ್ಕಿ ಬಿಕ್ಕಿ ಅತ್ತ.

ತಮ್ಮ ಮೊಣಕೈ ಊರಿ ಎದ್ದು ಕೂತ. ಆಮೇಲೆ ಕೇಳಿದ.

"ಎಮ್ಮೆ ಎಲ್ಲಿ ಹಾಗಾದರೆ?"

"ದುಡ್ಡು ಅಲ್ಲೇ ಬಿಟ್ಟು ಬಂದೆ."

"ಅಯ್ಯೋ ಹುಚ್ಚಣ್ಣಾ! ನಾನು ಹೇಗೂ ಮಂಡಿ ಊರಿಯಾಗಿತ್ತು, ನೀನು ಎಮ್ಮೆಯನ್ನಾದರೂ ಹೊಡೆದುಕೊಂಡು ಬರಬಾರದಿತ್ತೇ?" ಎಂದು ನಕ್ಕ. ಅಣ್ಣನ ತಲೆಯನ್ನು ಎಳೆದು ಎದೆಗೆ ಒತ್ತಿಕೊಂಡ. ಆ ತಮ್ಮ ಅಂಥವನು.

ಇಲ್ಲಿಗೆ ಅಜ್ಜಾರು ನಿಲ್ಲಿಸಿ ನೀರು ಕುಡಿದರು. ಅಡುಗೆಮನೆಯ ಬಾಗಿಲಲ್ಲಿ ನೀಲಾ ಸೌಟು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕಲ್ಮೇಶ ನೋಡಿರಲಿಲ್ಲ.

"ಹಾಗಾದರೆ ಎಲ್ಲಾ ಸರಿಹೋಯಿತಲ್ಲ ಅಜ್ಜಾರೇ," ಎಂದ ಕಲ್ಮೇಶ, ಹಗುರಾದವನಂತೆ.

"ಹೋಯಿತಪ್ಪಾ. ಮಂಡಿ ಆರು ತಿಂಗಳಲ್ಲಿ ವಾಸಿಯಾಯಿತು. ಅಣ್ಣ ದಿನವೂ ಎಣ್ಣೆ ಹಚ್ಚಿದ, ಈ ಸಲ ಕೈ ಎಲ್ಲೂ ನಿಲ್ಲಲಿಲ್ಲ. ಗಾಣ ತಿರುಗಿಸಿ ತಿರುಗಿಸಿ ಎರಡು ವರ್ಷದ ಮೇಲೆ ಎಮ್ಮೆಯನ್ನೂ ತಂದ. ತಮ್ಮ ಮತ್ತೆ ಕಣಕ್ಕಿಳಿದ. ಅಣ್ಣ ಅದೇ ಜಾಗದಲ್ಲಿ ಕೂತ. ಇಬ್ಬರ ಪ್ರೀತಿಯಲ್ಲಿ ಸಾಸಿವೆಯಷ್ಟೂ ಕಡಿಮೆಯಾಗಲಿಲ್ಲ. ಆದರೆ ಅಂದಿನಿಂದ ಕಣದಲ್ಲಿ ಬಿದ್ದಾಗ ತಮ್ಮ ಅಣ್ಣನ ಕಡೆ ನೋಡಲಿಲ್ಲ. ಬೇಕೆಂದು ಬಿಟ್ಟನೋ, ಬಿಟ್ಟುಹೋಯಿತೋ, ಅವನಿಗೇ ಗೊತ್ತಿರಲಿಕ್ಕಿಲ್ಲ. ಅಣ್ಣ ಮಾತ್ರ ಪ್ರತಿಸಲ ಕಾಯುತ್ತಿದ್ದ, ಮುಖದ ಮೇಲೆ ನಗು ಇಟ್ಟುಕೊಂಡು."

ಕಲ್ಮೇಶ ಬೋರಲಿಟ್ಟ ಫೋನನ್ನು ಬೆರಳಿನಿಂದ ತಿರುಗಿಸಿದ. ಅವನು ವಾದ ಬಿಡುವವನಲ್ಲ, ಅಜ್ಜಾರಿಗೂ ಅದು ಗೊತ್ತು.

"ಆ ಗಾಣಿಗ ಮಾಡಿದ್ದು ತಪ್ಪೇ, ಒಪ್ಪಿದೆ. ಒಡಹುಟ್ಟಿದವನ ಮೇಲೆ ಕಟ್ಟಿದ. ನಾನು ಕಟ್ಟುವುದು ಮುಖ ಪರಿಚಯವೂ ಇಲ್ಲದವರ ಮೇಲೆ ಅಜ್ಜಾರೇ. ಆ ಕಣದಲ್ಲಿ ನನ್ನ ತಮ್ಮ ಯಾರೂ ಇಲ್ಲ."

ಅಜ್ಜಾರು ಅವನ ಬೆನ್ನ ಮೇಲೆ ಕೈಯಿಟ್ಟರು. ಗದರಲಿಲ್ಲ. ಮಗುವನ್ನು ಕೇಳುವ ಹಾಗೆ ಕೇಳಿದರು.

"ಆಗಲೇ ಒಬ್ಬ ಹುಡುಗ ಕುಂಟುತ್ತ ಹೊರಗೆ ಹೋದಾಗ ತೊಡೆ ತಟ್ಟಿ ನಕ್ಕೆಯಲ್ಲ ಮಗನೇ, ಅವನು ಯಾರ ತಮ್ಮ?"