ಗೀಜಗನ ಮೇಲ್ವ್ಯಾಸಂಗ

ನೇಯ್ಗೆಯ ಮೊದಲ ಪಾಠ ಮುಗಿಸಿದ್ದ ಎಳೆಯ ಗೀಜಗ ಮೇಲ್ವ್ಯಾಸಂಗಕ್ಕೆಂದು ಹಂಸಗಳ ಸರೋವರಕ್ಕೆ ಹೋಯಿತು. ಅಲ್ಲಿ ಕಲಿತವರ ನೆತ್ತಿಗೆ ತಾವರೆಯ ಎಸಳನ್ನು ಇಡುತ್ತಿದ್ದರು.

“ಶುಲ್ಕವೆಷ್ಟು, ಗುರುಗಳೇ?”

“ನೀನು ಗೂಡಿಗೆಂದು ಸೀಳಿಟ್ಟ ಹುಲ್ಲೆಲ್ಲ,” ಎಂದಿತು ಹಂಸ.

“ಮತ್ತೆ ಗೂಡಿಗೆ?”

“ನಮ್ಮ ಹೆಸರು ಇರುತ್ತದಲ್ಲ!”

ನೀರಿನೊಳಗೆ ಹೊನ್ನಿನ ಗೂಡೊಂದು ತೂಗುತ್ತಿತ್ತು. ಗೀಜಗ ಮೈಮರೆತು ಕೊಕ್ಕು ಚಾಚಿತು. ಗೂಡು ಅಲೆಯಾಗಿ ಕರಗಿಹೋಯಿತು.

ಗೀಜಗ ಹುಲ್ಲು ಕೊಡದೆ ಬಾವಿಯಂಚಿನ ಜಾಲಿಮರಕ್ಕೆ, ತನ್ನ ಚಿಕ್ಕಪ್ಪನ ಬಳಿಗೆ ಮರಳಿತು. “ನೀವೇ ಕಲಿಸಿ, ಚಿಕ್ಕಪ್ಪ. ಆದರೆ ನೆತ್ತಿಗೆ ಎಸಳು ಸಿಗುವುದಿಲ್ಲವಲ್ಲ!”

“ನೆತ್ತಿಯ ಚಿಂತೆ ಆಮೇಲೆ. ನೆಟ್ಟಗೆ ಕೂರು, ಹುಲ್ಲು ತೆಗೆ.”

ಮೋಡ ಕವಿಯುವ ಹೊತ್ತಿಗೆ ಅರ್ಧ ಗೂಡು ಗಾಳಿಯಲ್ಲಿ ತೂಗುತ್ತಿತ್ತು. ಗೀಜಗಗಳ ಪದ್ಧತಿಯಂತೆ ಹೆಣ್ಣೊಂದು ಅದನ್ನು ಪರೀಕ್ಷಿಸಲು ಬಂತು.

“ನಿಮಗೆ ಎಸಳಿಲ್ಲವೇ? ನಮ್ಮ ಭಾವನಿಗೆ ಇದೆ.”

ಗೀಜಗ ತಲೆ ತಗ್ಗಿಸಿತು. ಹೆಣ್ಣು ಗಂಟೊಂದನ್ನು ಕೊಕ್ಕಿನಲ್ಲಿ ಕಚ್ಚಿ, ಮೈಭಾರವನ್ನೆಲ್ಲ ಬಿಟ್ಟು ಜೋತಾಡಿತು. ಗಂಟು ಸಡಿಲಲಿಲ್ಲ.

“ಬೇಗ ಬಾಗಿಲು ನೇಯಿರಿ,” ಎಂದಿತು ಅದು, ಒಳಗೆ ಕೂರುತ್ತಾ. “ಈ ಮಳೆಗಾಲಕ್ಕೆ ನಮ್ಮ ಅಕ್ಕ, ಭಾವ ಇಬ್ಬರೂ ಇಲ್ಲಿಗೇ ಬರುತ್ತಾರೆ.”