ಪುಟ್ಟ ಟೆರಿಯರ್ ಕೂದಲು ಯಾಕೆ ಉದುರುವುದಿಲ್ಲ

ಬೆಟ್ಟಗಳ ಮೈ ಇನ್ನೂ ಹಸಿಯಾಗಿದ್ದ, ನದಿಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದ ಕಾಲ ಅದು. ಆಗ ಪ್ರಾಣಿಗಳಿಗೆಲ್ಲ ಚಳಿಗಾಲಕ್ಕೆ ಕೂದಲು ಹಂಚುತ್ತಿದ್ದದ್ದು ಗಾಳಿ. ಬೇಸಿಗೆ ಬಂತೆಂದರೆ ಅದೇ ಗಾಳಿ ಗುಹೆ ಗುಹೆಗೂ ಹೋಗಿ, ಕೊಟ್ಟದ್ದನ್ನೆಲ್ಲ ಉದುರಿಸಿಕೊಂಡು ಬರುತ್ತಿತ್ತು. ತೋಳ ಕೊಟ್ಟಿತು. ಹುಲಿ ಕೊಟ್ಟಿತು. ಕರಡಿ ಗೊಣಗುತ್ತಲೇ ಕೊಟ್ಟಿತು.

ಹಾಗೆ ತಿರುಗುತ್ತ ಗಾಳಿ ಬೆಟ್ಟದ ತುದಿಯ ಒಂದು ಗುಡಿಸಲಿಗೆ ಬಂತು. ಅಲ್ಲಿ ಕಂಬಳಿ ನೇಯುವ ಕೆಂಚವ್ವ ಇದ್ದಳು. ತಿಂಗಳು ತುಂಬುವ ಮೊದಲೇ ಹುಟ್ಟಿದ ಅವಳ ಮಗಳು ಅಂಗೈಯಗಲ ಇದ್ದಳು. ಬಿಸಿಲಲ್ಲೂ ಆ ಮೈ ತಣ್ಣಗಾಗುತ್ತಿತ್ತು. ಊರಿಗೆಲ್ಲ ಕಂಬಳಿ ಹೊದಿಸಿದವಳು ತನ್ನ ಮಗುವಿಗೆ ಹೊದಿಸಲಾರದೆ ಹೋದಳು. ಉಣ್ಣೆ ಚುಚ್ಚಿ ಎಳೆ ಚರ್ಮ ಕೆಂಪಾಗುತ್ತಿತ್ತು.

ಅದಕ್ಕೇ ಅವಳ ಪುಟ್ಟ ಟೆರಿಯರ್ ನಾಯಿ ಮಗುವನ್ನು ಸುತ್ತಿಕೊಂಡು ಮಲಗಿತ್ತು. ಬಿಲದೊಳಗೆ ತೂರುವಷ್ಟು ಗಿಡ್ಡ, ಆನೆಗೂ ಬೊಗಳುವಷ್ಟು ಕೊಬ್ಬು. ಕೂದಲು ಮಾತ್ರ ರೇಷ್ಮೆ.

“ಲೇ ಕುಳ್ಳ, ಕೂದಲು ಕೊಡು,” ಅಂದಿತು ಗಾಳಿ.

“ಕೊಡಲ್ಲ.”

“ಹುಲಿಯೇ ಕೊಟ್ಟಿದೆ ಕಣೋ.”

“ಹುಲಿ ಮಗ್ಗುಲಲ್ಲಿ ಮಗು ಮಲಗಿಲ್ಲ.”

ಗಾಳಿ ನಗಲಿಲ್ಲ. ಮಗುವಿನ ಉಸಿರು ಕೇಳಿಸಿಕೊಳ್ಳಲು ಬಾಗಿಲಲ್ಲೇ ಬಾಗಿತು.

“ಇಟ್ಟುಕೊಂಡರೆ ಮತ್ತೆಂದೂ ಉದುರಿಸೋಕೆ ನಾನು ಬರಲ್ಲ. ನಿನಗೂ ಇಲ್ಲ, ನಿನ್ನ ಮರಿಗಳಿಗೂ ಇಲ್ಲ. ಅದು ಬೆಳೀತಾನೇ ಇರುತ್ತೆ. ಕಣ್ಣು ಮುಚ್ಚುತ್ತೆ. ಗಂಟಾಗಿ ಚರ್ಮ ಎಳೆಯುತ್ತೆ. ನಿನ್ನ ಪಂಜಕ್ಕೆ ಬಾಚಣಿಗೆ ಹಿಡಿಯೋಕೆ ಬರುತ್ತಾ?”

ನಾಯಿ ಮಲಗಿದಲ್ಲಿಂದ ಏಳಲಿಲ್ಲ. “ಬರಲ್ಲ. ಆದರೂ ಕೊಡಲ್ಲ,” ಅಂದಿತು.

“ನಾನು ಬಾಚ್ತೀನಿ ಗಾಳಿಯಪ್ಪ,” ಅಂದಳು ಕೆಂಚವ್ವ.

“ದಿನಾ?”

“ದಿನಾ.”

“ನೀನು ಹೋದ ಮೇಲೆ?”

ಕೆಂಚವ್ವ ಮಗುವಿನ ಕಡೆ ನೋಡಿದಳು. ಅದು ಉಳಿಯುತ್ತದೆ ಎಂದು ಅಲ್ಲಿಯವರೆಗೆ ಅವಳು ಬಾಯಿಬಿಟ್ಟು ಹೇಳಿರಲಿಲ್ಲ.

“ಇವಳು ಬಾಚ್ತಾಳೆ,” ಅಂದಳು.

ಗಾಳಿ ಬರಿಗೈಯಲ್ಲಿ ಬೆಟ್ಟ ಇಳಿಯಿತು. ನಾಯಿ ಮಗುವನ್ನು ಇನ್ನಷ್ಟು ಒತ್ತಿಕೊಂಡಿತು. ಮಗು ಉಳಿಯಿತು. ಮಾತು ಕಲಿಯುವ ಮೊದಲೇ ಬಾಚಣಿಗೆ ಹಿಡಿಯುವುದನ್ನು ಕಲಿಯಿತು.

ಪುಟ್ಟ ಟೆರಿಯರ್ ಕೂದಲು ಅಂದಿನಿಂದ ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಇದೆ. ನೀನು ಅದರ ಕಿವಿಯ ಹಿಂದಿನ ಸಿಕ್ಕು ಬಿಡಿಸಿ, ಕಣ್ಣಿಗೆ ಬೀಳದಂತೆ ಜುಟ್ಟು ಕಟ್ಟುವಾಗ ಅದು ಗುರ್ ಅನ್ನುತ್ತದೆ, ಆದರೆ ತೊಡೆ ಬಿಟ್ಟು ಏಳುವುದಿಲ್ಲ.