ಇಳಿತದ ಹೊತ್ತಿನ ಅಳಿವೆ

ಹೊಳೆ ಕಡಲನ್ನು ಸೇರುವ ಜಾಗವನ್ನು ಅಳಿವೆ ಎನ್ನುತ್ತಾರೆ. ಅಂಥದ್ದೊಂದು ಅಳಿವೆಯ ಒಳಗೆ, ಹೊಳೆಯ ದಂಡೆಯ ಮೇಲೆ, ಹೊನ್ನಪ್ಪ ಮತ್ತು ಜಟ್ಟಿ ಎಂಬ ಅಣ್ಣತಮ್ಮಂದಿರು ಇದ್ದರು. ಮೀನು ಹಿಡಿಯುವುದು ಅವರ ಕಸುಬು. ಇಬ್ಬರಿಗೂ ಸೇರಿ ಒಂದೇ ಹಾಯಿದೋಣಿ. ಚುಕ್ಕಾಣಿ ಯಾವಾಗಲೂ ಅಣ್ಣನ ಕೈಯಲ್ಲಿ. ಬಲೆ ಎಳೆಯುವುದು, ಹುಟ್ಟು ಹಾಕುವುದು ತಮ್ಮನ ಪಾಲು. ಜಟ್ಟಿಯ ತೋಳಿನಲ್ಲಿ ಬೇಕಾದಷ್ಟು ಬಲವಿತ್ತು. ತಾಳ್ಮೆ ಮಾತ್ರ ಇರಲಿಲ್ಲ. ಅಣ್ಣ ಅಳಿವೆಯ ಹೊರಗೆ ದೋಣಿ ನಿಲ್ಲಿಸಿ ನೀರು ನೋಡುತ್ತ ಕೂತರೆ ಇವನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಣ್ಣ ಪುಕ್ಕಲ ಎಂದೇ ಅವನು ತಿಳಿದಿದ್ದ.

ಮಳೆಗಾಲ ಆಗಷ್ಟೇ ಮುಗಿದಿತ್ತು, ಹೊಳೆ ಇನ್ನೂ ತುಂಬಿ ಹರಿಯುತ್ತಿತ್ತು. ಅಂದು ಮಧ್ಯಾಹ್ನ ಕಡಲಿನಲ್ಲಿ ಬಲೆಯಿಂದ ಮೀನು ಬಿಡಿಸುವಾಗ ದೊಡ್ಡದೊಂದು ತೊರಕೆ ಮೀನು ಬಾಲ ಬೀಸಿತು. ಬಾಲದ ಮುಳ್ಳು ಹೊನ್ನಪ್ಪನ ಮೀನಖಂಡಕ್ಕೆ ಆಳವಾಗಿ ಇಳಿಯಿತು. ಮುಳ್ಳು ಕಿತ್ತರೂ ರಕ್ತ ನಿಲ್ಲಲಿಲ್ಲ. ಜಟ್ಟಿ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಅಣ್ಣನ ಕಾಲಿಗೆ ಬಿಗಿಯಾಗಿ ಕಟ್ಟಿದ. ಬಲೆಯನ್ನು ಅಲ್ಲೇ ಬಿಟ್ಟು, ಹಾಯಿ ಏರಿಸಿ, ಮೊದಲ ಸಲ ತಾನೇ ಚುಕ್ಕಾಣಿ ಹಿಡಿದ.

ಪಡುವಣ ಗಾಳಿ ಬೆನ್ನ ಹಿಂದಿನಿಂದ ಜೋರಾಗಿ ಬೀಸುತ್ತಿತ್ತು. ದೋಣಿ ದಡದತ್ತ ಓಡಿತು.

"ಗಾಳಿ ನಮ್ಮ ಕಡೆಗಿದೆ ಅಣ್ಣ. ಬೇಗ ಮನೆ ಸೇರ್ತೇವೆ."

ಹೊನ್ನಪ್ಪ ಹಲ್ಲು ಕಚ್ಚಿಕೊಂಡು ಅರ್ಧ ಎದ್ದು ಅಳಿವೆಯತ್ತ ನೋಡಿದ. "ಇಳಿತ ಇನ್ನೂ ಮುಗಿದಿಲ್ಲ ತಮಾ. ಹೊಳೆ ನೀರು ಹೊರಗೆ ಬರ್ತಾ ಇದೆ. ಗಾಳಿ ಅಲೆಯನ್ನ ಒಳಗೆ ನೂಕ್ತದೆ, ನೀರು ಹೊರಗೆ ತಳ್ತದೆ. ಎರಡೂ ಗುದ್ದಾಡೋ ಕಡೆ ಅಲೆ ಗೋಡೆ ಹಾಗೆ ಎದ್ದು ನಿಲ್ತದೆ. ನೀರು ತಿರುಗುವವರೆಗೆ ಇಲ್ಲೇ ಲಂಗರು ಹಾಕು."

"ನಿನ್ನ ಕಾಲು ನೋಡಿದೆಯಾ? ಅಷ್ಟು ಹೊತ್ತು ಕಾಯೋದಾ?"

"ಕಾಯಬೇಕು."

ಜಟ್ಟಿ ಅಳಿವೆಯನ್ನು ನೋಡಿದ. ಅಂಥ ದೊಡ್ಡ ಅಲೆಯೇನೂ ಕಾಣಲಿಲ್ಲ. ಕಡಲ ಕಡೆಯಿಂದ ನೋಡುವವನಿಗೆ ಕಾಣುವುದು ಅಲೆಯ ಬೆನ್ನು. ಮುಖ ದಡದಲ್ಲಿ ನಿಂತವರಿಗೆ ಮಾತ್ರ ಕಾಣುತ್ತದೆ. ಅವನು ಲಂಗರು ಮುಟ್ಟಲಿಲ್ಲ. ನೇರ ಒಳಗೆ ಬಿಟ್ಟ.

ಅಳಿವೆಯ ಬಾಯಿಗೆ ಬಂದದ್ದೇ ದೋಣಿಯ ಓಟ ಸತ್ತುಹೋಯಿತು. ಹಾಯಿ ತುಂಬಿಕೊಂಡೇ ಇತ್ತು, ಆದರೂ ದಡದ ತೆಂಗಿನ ಮರಗಳು ಹತ್ತಿರವಾಗಲಿಲ್ಲ. ಕೆಳಗಿನ ನೀರು ದೋಣಿಯನ್ನು ಹಿಂದಕ್ಕೆ ಎಳೆಯುತ್ತಿತ್ತು. ತಳದ ಮರಳೆದ್ದು ನೀರೆಲ್ಲ ಕದಡಿತ್ತು. ಅಲೆಗಳು ಒಂದರ ಬೆನ್ನಿಗೊಂದು ಒತ್ತೊತ್ತಾಗಿ, ಕಡಿದಾಗಿ ಏಳುತ್ತಿದ್ದವು. ಒಂದು ಅಲೆ ಹಿಂಭಾಗವನ್ನು ಎತ್ತಿತು. ಚುಕ್ಕಾಣಿ ನೀರು ಬಿಟ್ಟು ಮೇಲೆದ್ದಿತು. ದೋಣಿಯ ಮೂತಿ ನೀರಿನಲ್ಲಿ ಮುಳುಗಿ, ಒಳಗೆ ಮೊಣಕಾಲ ಮಟ್ಟ ನೀರು ನುಗ್ಗಿತು. ದೋಣಿ ಅಡ್ಡಕ್ಕೆ ತಿರುಗತೊಡಗಿತು.

ಜಟ್ಟಿ ಚುಕ್ಕಾಣಿಯನ್ನು ಎಷ್ಟು ತಿರುಗಿಸಿದರೂ ದೋಣಿ ಕೇಳಲಿಲ್ಲ.

"ಹಾಯಿ ಇಳಿಸು," ಎಂದ ಹೊನ್ನಪ್ಪ. ದನಿ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ. "ಹುಟ್ಟು ತಗೋ. ಹಿಂದೆ ದೊಡ್ಡದೊಂದು ಬರ್ತಾ ಇದೆ, ಅದು ಹೋಗಲಿ. ಹೋದ ಕೂಡಲೇ ಮೂತಿ ಕಡಲಿಗೆ ತಿರುಗಿಸು."

ಜಟ್ಟಿ ಹಾಯಿ ಇಳಿಸಿ ಹುಟ್ಟು ಹಿಡಿದ. ದೊಡ್ಡ ಅಲೆ ದೋಣಿಯನ್ನು ಎತ್ತಿ ಕುಕ್ಕಿ ಮುಂದೆ ಹೋಯಿತು. ಜಟ್ಟಿ ಮೈಯ ಬಲವನ್ನೆಲ್ಲ ಹಾಕಿ ಹುಟ್ಟು ಎಳೆದ. ಮುಂದಿನ ಅಲೆ ಬರುವಷ್ಟರಲ್ಲಿ ಮೂತಿ ಕಡಲಿಗೆ ತಿರುಗಿತ್ತು. ಅವರನ್ನು ತಡೆದಿದ್ದ ಇಳಿತದ ನೀರೇ ಈಗ ಅವರನ್ನು ಹೊರಕ್ಕೆ ಒಯ್ದಿತು. ಹೊಳೆಯ ಸೆಳೆತ ತಾಗದ ಕಡೆ ಹೋಗಿ ಜಟ್ಟಿ ಲಂಗರು ಬಿಟ್ಟ.

"ಇನ್ನು ನನಗೆ ಮಾತಾಡೋ ಶಕ್ತಿ ಇರ್ತದೋ ಇಲ್ಲವೋ," ಎಂದ ಹೊನ್ನಪ್ಪ. "ನಾನು ಸುಮ್ಮನಾದೆ ಅಂತ ಹೆದರಿ ನುಗ್ಗಬೇಡ. ನನ್ನ ನೋಡಬೇಡ, ನೀರು ನೋಡು."

ಸ್ವಲ್ಪ ಹೊತ್ತಿಗೆ ಅವನು ನಿಜಕ್ಕೂ ಸುಮ್ಮನಾದ.

ಜಟ್ಟಿ ಕರೆದ. ಎದೆಯ ಮೇಲೆ ಕೈಯಿಟ್ಟ. ಉಸಿರಿತ್ತು. ಒಂದು ಕೈಯಿಂದ ದೋಣಿಯ ನೀರು ಮೊಗೆದು ಚೆಲ್ಲುತ್ತ, ಇನ್ನೊಂದು ಕೈಯನ್ನು ಅಣ್ಣನ ಎದೆಯ ಮೇಲೆಯೇ ಇಟ್ಟುಕೊಂಡ. ದಡದಲ್ಲಿ ಅತ್ತಿಗೆ, ಹೊನ್ನಪ್ಪನ ಹೆಂಡತಿ, ದಾರಿ ಕಾಯುತ್ತ ನಿಂತದ್ದು ಕಾಣುತ್ತಿತ್ತು. ಕೂಗಿದರೆ ಕೇಳಿಸೀತೇನೋ ಎನ್ನುವಷ್ಟು ಹತ್ತಿರ. ಅವನು ಲಂಗರಿನ ಹಗ್ಗ ಬಿಚ್ಚಿದ. ಅಳಿವೆಯ ಕಡೆ ನೋಡಿದ. ಮತ್ತೆ ಕಟ್ಟಿದ. ಇನ್ನೊಮ್ಮೆ ಬಿಚ್ಚಿ, ಅಳುತ್ತ, ಮತ್ತೆ ಕಟ್ಟಿದ.

ಹೊಳೆಯಿಂದ ನೊರೆ, ಕಸಕಡ್ಡಿ, ತೆಂಗಿನ ಗರಿ ತೇಲಿ ಬರುತ್ತಿದ್ದವು. ಅವನು ಅವುಗಳ ಮೇಲೆ ಕಣ್ಣು ನೆಟ್ಟ. ಸೂರ್ಯ ಕಡಲಿನತ್ತ ಬಾಗಿದಂತೆ ಅವುಗಳ ಓಟ ಕುಂದಿತು. ಆಮೇಲೆ ನಿಂತಲ್ಲೇ ನಿಂತವು. ಕೊನೆಗೆ ಒಂದು ಗರಿ ಮೆಲ್ಲಗೆ ಮೈ ತಿರುಗಿಸಿ ಹೊಳೆಯ ಕಡೆಗೇ ಹೊರಟಿತು.

ಇಳಿತ ಮುಗಿದು ಭರತ ಶುರುವಾಗಿತ್ತು. ಗಾಳಿ ಚೂರೂ ಕಡಿಮೆಯಾಗಿರಲಿಲ್ಲ. ಆದರೆ ಗಾಳಿ, ನೀರು ಎರಡೂ ಈಗ ಒಂದೇ ಕಡೆಗೆ ಸಾಗಿದ್ದವು. ಗೋಡೆಯಂತೆ ನಿಲ್ಲುತ್ತಿದ್ದ ಅಲೆಗಳು ಉದ್ದಕ್ಕೆ ಚಾಚಿಕೊಂಡು ತಗ್ಗಿದವು. ಜಟ್ಟಿ ಆಗಲೂ ಅವಸರ ಮಾಡಲಿಲ್ಲ. ಕಸಕಡ್ಡಿಯೆಲ್ಲ ಒಳಮುಖವಾಗಿ ತೇಲುವುದನ್ನು ನೋಡಿ ಖಾತ್ರಿ ಮಾಡಿಕೊಂಡೇ ಲಂಗರು ಎತ್ತಿದ. ಆಗ ಮುಳುಗಲಿದ್ದ ಜಾಗದಲ್ಲೇ ಅಲೆಗಳು ದೋಣಿಯನ್ನು ಎತ್ತಿ, ಇಳಿಸಿ, ಒಳಗೆ ಕಳಿಸಿಕೊಟ್ಟವು.

ಹೊನ್ನಪ್ಪನನ್ನು ಊರವರು ಹೊತ್ತು ವೈದ್ಯರ ಮನೆಗೆ ಒಯ್ದರು. ಬಹಳ ದಿನ ಜ್ವರ ಕಾಯಿತು. ಕಾಲು ಉಳಿಯಿತು, ಕುಂಟು ಮಾತ್ರ ಹೋಗಲಿಲ್ಲ.

ಜ್ವರ ಬಿಟ್ಟ ದಿನ ಅವನು ತಮ್ಮನನ್ನು ಕೇಳಿದ: "ತುಂಬಾ ಹೆದರಿದೆಯಾ?"

"ನುಗ್ಗುವಾಗ ಹೆದರಿಕೆ ಇರಲಿಲ್ಲ," ಎಂದ ಜಟ್ಟಿ. "ಕಾಯುವಾಗ ಜೀವ ಬಾಯಿಗೆ ಬಂದಿತ್ತು."

"ನನಗೂ ಅಷ್ಟೇ," ಎಂದ ಹೊನ್ನಪ್ಪ. "ಪ್ರತಿ ಸಲವೂ."

ನೀತಿ: ಬೆನ್ನ ಹಿಂದೆ ಗಾಳಿ ಇದೆ ಎಂದ ಮಾತ್ರಕ್ಕೆ ದಾರಿ ಸುಗಮವೆಂದು ನಂಬಬೇಡಿ, ಕಾಲ ಕೆಳಗಿನ ಹರಿವು ಯಾವ ಕಡೆಗಿದೆ ಎಂದೂ ನೋಡಿ. ಎರಡು ಬಲಗಳು ಸೆಣಸುತ್ತಿರುವಾಗ ನಡುವೆ ನುಗ್ಗುವುದಕ್ಕಿಂತ, ಮನಸ್ಸು ಎಷ್ಟೇ ತಳಮಳಿಸಿದರೂ ತಡೆದು ಕಾಯುವುದು ದೊಡ್ಡ ಧೈರ್ಯ.